ಮನೀಗೆ ನೀರು ಹಾಕೂ ಊರು

(ಅಣ್ಣಿಗೇರಿ ತಾಲೂಕಿನ ಒಂದು ಹಳ್ಳಿ. 2025ರ ಫೆಬ್ರುವರಿ ಮೊದಲ ವಾರ, ಮುಂಜಾನೆ. ಅಂಗಳದ ತುಂಬ ಒಣಮೆಣಸಿನಕಾಯಿ. ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ತೊಟ್ಟು ಮುರಿಯುತ್ತ ಕೂತಿದ್ದಾಳೆ. ನಾನು ಬಂದದ್ದು ವಕಾಲತ್ತಿಗೆ.)

ನಾನು: ದೊಡ್ಡವ್ವಾ, ಅವ್ವಗ ನೀನ ಒಂದ ಮಾತು ಹೇಳಬೇಕು. ಅಣ್ಣ ನ್ಯೂಜೆರ್ಸಿಯಿಂದ ದಿನಾ ಫೋನ್ ಮಾಡಾಕತ್ತಾನ, ಬಂದು ನಾಕ ತಿಂಗಳು ಇದ್ದ ಹೋಗು ಅಂತ. ಅಕಿ ಒಲ್ಲೆ ಅಂತ ಕುಂತಾಳ. ನೀ ಹೋಗಿ ಬಂದಾಕಿ, ನಿನ್ನ ಮಾತು ಕೇಳ್ತಾಳ.

ದೊಡ್ಡವ್ವ: ಮೊದ್ಲ ಕುಂದ್ರು. ಖಾಲಿ ಕೈಲೆ ಮಾತಾಡಬ್ಯಾಡ, ಆ ಬುಟ್ಟಿ ಎಳಕೊ. ಕಣ್ಣಿಗೆ ಕೈ ಹಚ್ಚೀ ಮತ್ತ.

ನಾನು: ಅವ್ವಗ ಇಮಾನದ ಹೆದರಿಕಿ ಇಲ್ಲ. ವೀಸಾದ್ದ ಹೆದರಿಕಿ. ಚೆನ್ನೈಗೆ ಹೋಗಬೇಕು, ಬೆರಳ ಒತ್ತಬೇಕು, ಸಾಹೇಬರು ಏನರ ಕೇಳಿದ್ರ ಏನ ಹೇಳ್ಲಿ ಅಂತಾಳ. ಮೊನ್ನೆ ಜನವರಿ 17ಕ್ಕ ಬೆಂಗಳೂರಾಗ ಅಮೇರಿಕಾದವರ ಕಚೇರಿ ಉದ್ಘಾಟನಾ ಆತು ಅಂತ ಪೇಪರ್‌ನ್ಯಾಗ ನೋಡಿ ಖುಷಿ ಆಗಿತ್ತು. ಆದ್ರ ವೀಸಾ ಕೊಡೂದು ಅಲ್ಲೆ ಇನ್ನೂ ಸುರು ಆಗಿಲ್ಲ.

ದೊಡ್ಡವ್ವ: ಬೆರಳಿನ ಸುದ್ದಿ ನನ್ನ ಕೇಳು. ರೇಶನ್ ಅಂಗಡ್ಯಾಗ ನನ್ನ ಹೆಬ್ಬಟ್ಟು ಆ ಮಿಷನ್ ಹಿಡಿಯಾಂಗ ಇಲ್ಲ. ನೋಡಿಲ್ಲಿ, ಗೆರಿ ಎಲ್ಲೈತಿ? ನಲವತ್ತ ವರ್ಷ ರೊಟ್ಟಿ ಬಡದು, ಹತ್ತಿ ಬಿಡಿಸಿ, ಇದರ ತೊಟ್ಟು ಮುರದು ಸವದು ಹೋಗೇತಿ. ಚೆನ್ನೈನಾಗ ಒಂದ ಹುಡುಗಿ ನನ್ನ ಬೆರಳ ತಾನ ಹಿಡದು ಗಾಜಿನ ಮ್ಯಾಲ ಒತ್ತಿದ್ಲು. ಬರಲಿಲ್ಲ. ಹಸಿ ಅರಬಿಲೆ ಒರಸಿ ಒತ್ತಿದ್ಲು. ಬರಲಿಲ್ಲ. ನಾ ಅಂದ್ನಿ, ಯವ್ವಾ, ಅವು ಹೊಲದಾಗ ಉಳದಾವ, ಇಲ್ಲೆ ಎಲ್ಲಿ ಹುಡುಕ್ತಿ. ಅಕೀಗೆ ತಿಳೀಲಿಲ್ಲ, ಸುಮ್ನ ನಕ್ಳು. ಐದನೇ ಸರೆಗೋ ಆರನೇ ಸರೆಗೋ ಹೆಂಗೋ ಬಂತು.

ನಾನು: ಸಾಹೇಬರು?

ದೊಡ್ಡವ್ವ: ಅವಂದು ಎರಡ ಪ್ರಶ್ನೆ. ಯಾಕ ಹೊಂಟಿ? ಮಗಳ ಹೆರಿಗಿಗೆ. ಊರಾಗ ಏನೈತಿ? ಹದಿನಾಕ ಎಕರೆ ಎರಿ ಐತಿ ಅಂದ್ನಿ. ಆ ದುಭಾಷಿಗೆ ಎರಿ ಅಂದ್ರ ತಿಳೀಲಿಲ್ಲ. ಹೊಲಾನೋ ತೋಟಾನೋ ಅಂತ ನನ್ನ ಕೇಳಾಕತ್ತಿದ. ಎರಿ ಅಂದ್ರ ಎರಿ, ಕರೀ ಮಣ್ಣು, ಮಳಿ ಆದ್ರ ಕಾಲ ಬಿಡಾಂಗಿಲ್ಲ, ಬ್ಯಾಸಗ್ಯಾಗ ಬಾಯಿ ಬಿಡತೈತಿ ಅಂತ ಕೈ ಮಾಡಿ ತೋರಿಸಿದ್ನಿ. ಸಾಹೇಬ ನನ್ನ ಕೈ ನೋಡಿ ಕಾಗದ ತಗೊಂಡು ಇಟ್ಟಕೊಂಡ. ಆತು ಅಂದ್ರು. ಇಷ್ಟಕ್ಕ 185 ಡಾಲರ್ ಅಂತ, ಅಳಿಯ ಕಟ್ಟಿದ್ದ.

ನಾನು: ಹತ್ತ ವರ್ಷದ ವೀಸಾ ಬಂತಲ್ಲ?

ದೊಡ್ಡವ್ವ: ಬಂತು. ಆದ್ರ ಹತ್ತ ವರ್ಷ ಇರಾಕಲ್ಲ. ಅಲ್ಲೆ ಇಳದಮ್ಯಾಲ ಇನ್ನೊಬ್ಬ ಕುಂತಿರತಾನ, ಅಂವ ಆರ ತಿಂಗಳು ಅಂತ ಬರದು ಕೊಡತಾನ. ನನ್ನ ಮಗಳ ಮನ್ಯಾಗ ನಾ ಎಷ್ಟ ದಿನ ಉಣ್ಣಬೇಕು ಅಂತ ಅಂವ ಹೇಳತಾನ. ಇರಲಿ, ಅಂವಂದೂ ನೌಕರಿ.

ನಾನು: ಗಾಲಿ ಕುರ್ಚಿ ಕಥಿ ಅವ್ವಗ ಹೇಳೀದಿಯೇನ?

ದೊಡ್ಡವ್ವ: ಹೇಳಿಲ್ಲ, ನಾಚಿಕಿ ಬರತೈತಿ. ಶ್ರೀಶೈಲಕ್ಕ ನಡಕೊಂಡು ಹೋದಾಕಿ ನಾ. ಕಾಲಾಗ ಗುಳ್ಳಿ ಎದ್ರೂ ಗಾಡಿ ಹತ್ತಲಿಲ್ಲ. ಇಂಗ್ಲೀಷ್ ಬರಾಂಗಿಲ್ಲ, ದಾರಿ ತಪ್ತಾಳ ಅಂತ ಮಗಳು ಟಿಕೀಟಿನ್ಯಾಗ ಮೊದ್ಲ ಬರಸಿಬಿಟ್ಟಿದ್ಲು. ದುಬೈನಾಗ ನೋಡತೇನಿ, ಸಾಲಾಗಿ ಗಾಲಿ ಕುರ್ಚಿ. ಆಂಧ್ರದಾಕಿ, ಗುಜರಾತದಾಕಿ, ಪಂಜಾಬದಾಕಿ, ಎಲ್ಲಾ ನನ್ನಂಥಾವ್ರು. ಒಬ್ಬಾಕಿದೂ ಕಾಲ ಕೆಟ್ಟಿದ್ದಿಲ್ಲ. ನೂಕೂ ಹುಡುಗ ಚಾ ಕುಡಿಯಾಕ ಹೋದಾಗ ಎಲ್ಲಾರೂ ಎದ್ದು ಅಡ್ಡಾಡಿದ್ವಿ, ಅಂವ ಬಂದಕೂಡ್ಲೆ ಮತ್ತ ಕುಂತ್ವಿ.

ನಾನು: (ನಗುತ್ತ) ಗಸಗಸಿ ಒಯ್ದಿದ್ದಿಲ್ಲಲ್ಲ? ದುಬೈನಾಗ ಅದಕ್ಕ ಬಂದಿ ಐತಿ.

ದೊಡ್ಡವ್ವ: ನೀನ ಅಲ್ಲೇನ ಹೇಳಿ ತಗಿಸಿದ್ದು. ಅಂಟಿನ ಉಂಡ್ಯಾಗ ಗಸಗಸಿ ಬಿಟ್ಟು ಮಾಡಿದ್ನಿ, ರುಚಿ ಬರಲಿಲ್ಲ. ಗುರೆಳ್ಳ ಚಟ್ನಿ, ಅಗಸಿ ಚಟ್ನಿ, ಅಳವಿ, ಕಡಕ ರೊಟ್ಟಿ ಒಂದ ಡಬ್ಬಿ. ಅರ್ಧ ರೊಟ್ಟಿ ಮುರದಿದ್ವು. ಮುರದಾವನ್ನ ಮಗಳು ಒಂದಕ್ಕೊಂದು ಜೋಡಿಸಿ ತಾಟಿನ್ಯಾಗ ಇಟ್ಟು ಸುಮ್ನ ನೋಡಿಕೋತ ಕುಂತ್ಲು. ಏಳ ವರ್ಷ ಆಗಿತ್ತು ಅಕಿ ಊರ ಮುಖ ನೋಡಿ.

ನಾನು: ಏಳ ವರ್ಷ ಅಂದ್ರ ಮಂದಿ ನೂರಾ ಎಂಟು ಮಾತಾಡ್ತಾರ. ಆದ್ರ ಅಕಿ ತಪ್ಪಲ್ಲ ದೊಡ್ಡವ್ವ. ಅಲ್ಲೆ ನೌಕರಿ ವೀಸಾದಾಗ ಇದ್ದವ್ರು ಊರಿಗೆ ಬಂದ್ರ ವಾಪಸ್ ಹೋಗೂ ಮುಂದ ಮತ್ತ ಸ್ಟಾಂಪಿಂಗ್ ಮಾಡಸಬೇಕು. ಅಪಾಯಿಂಟ್‌ಮೆಂಟ್ ಸಿಗಲಿಲ್ಲಂದ್ರ ನೌಕರಿ ಅಲ್ಲೆ, ಮಂದಿ ಇಲ್ಲೆ. ಗ್ರೀನ್ ಕಾರ್ಡ್ ಬಂದ್ರ ಆ ಚಿಂತಿ ಇಲ್ಲ. ಆದ್ರ ನೌಕರಿ ಲೆಕ್ಕದ ಕಾರ್ಡು ವರ್ಷಕ್ಕ ಒಟ್ಟು 1,40,000, ಅದರಾಗ ಒಂದ ದೇಶಕ್ಕ ನೂರಕ್ಕ ಏಳು. ಸಣ್ಣ ದೇಶಕ್ಕೂ ಏಳ, ನಮಗೂ ಏಳ. ಅದಕ್ಕ ನಮ್ಮವರ ಸಾಲು ಹನುಮಂತನ ಬಾಲ.

ದೊಡ್ಡವ್ವ: ಅದೆಲ್ಲಾ ಅಳಿಯ ಹೇಳ್ಯಾನ. ನನಗ ತಿಳಿದಿದ್ದು ಇಷ್ಟ: ನಿಮ್ಮ ದೊಡ್ಡಪ್ಪ ತೀರಿಕೊಂಡಾಗ ಅಕಿ ಮಣ್ಣಿಗೆ ಬರಲಿಲ್ಲ.

ನಾನು: 2021ರ ಮೇ ತಿಂಗಳು. ಆ ತಿಂಗಳ 4ನೇ ತಾರೀಖಿಂದ ಇಂಡಿಯಾದಾಗಿಂದ ಬರೋರಿಗೆ ಅಮೇರಿಕಾದವರು ಬಾಗಲಾ ಹಾಕಿದ್ರು. ಬಂದಿದ್ರ ವಾಪಸ್ ಹೋಗಾಕ ಆಗತಿದ್ದಿಲ್ಲ.

ದೊಡ್ಡವ್ವ: ಇಲ್ಲಿದ್ದವ್ರನ್ನೂ ಹತ್ರ ಬಿಡಲಿಲ್ಲ, ಅಕೀದೇನು. ನೀ ಫೋನ್ ಹಿಡದ ನಿಂತಿದ್ದಿ, ಅಕಿ ಅದರಾಗಿಂದ ನೋಡಿದ್ಲು. ಮಣ್ಣ ಹಾಕೂ ಮುಂದ ನಿನ್ನ ಕೈ ನಡುಗಿ ಅಕೀಗೆ ಆಕಾಶ ಅಷ್ಟ ಕಂಡಿತಂತ. ಅದನ್ನ ನನಗ ಹೋದ ವರ್ಷ ಹೇಳಿದ್ಲು.

(ಸ್ವಲ್ಪ ಹೊತ್ತು ಇಬ್ಬರೂ ತೊಟ್ಟು ಮುರಿದೆವು. ಈ ಮಾತು ನನಗೆ ಗೊತ್ತಿರಲಿಲ್ಲ.)

ನಾನು: ಆಮ್ಯಾಲ ನೀ ಮನ್ಯಾಗ ನಿಂತಿದ್ದ ಕಡಿಮಿ ದೊಡ್ಡವ್ವ. ಉಳವಿ, ಶ್ರೀಶೈಲ, ಕಾಶಿ, ಕೇದಾರ. ಊರ ಹೆಣಮಕ್ಕಳ ಬಸ್ಸಿನ್ಯಾಗ ಮೊದಲ ಸೀಟು ನಿಂದು.

ದೊಡ್ಡವ್ವ: ಎರಡ ವರ್ಷ ತಿರಗಿದ್ನಿ. ಮಗಳ ಮನಿ ಒಂದ ಬಿಟ್ಟು ಎಲ್ಲಾ ದೇವರ ಮನಿ ನೋಡಿದ್ನಿ. ಈಗ ನೋಡು, ಓಣಿ ತುಂಬ ಕುಂಭಮೇಳದ ಮಾತು, ನನಗೂ ಕರದಾರ. ಒಲ್ಲೆ ಅಂದೇನಿ. ಮಂದಿ ನಡುವ ಹೋಗೂದು ಸಾಕಾಗೇತಿ.

ನಾನು: ಒಂದ ಮಾತು ಕೇಳಲೇನ? ಚೊಚ್ಚಲ ಹೆರಿಗಿಗೆ ಮಗಳು ತವರಿಗೆ ಬರಬೇಕು. ನೀ ಅಲ್ಲಿಗೆ ಹೋಗಿದ್ದಕ್ಕ ಮಂದಿ ಏನೂ ಅನ್ನಲಿಲ್ಲೇನ?

ದೊಡ್ಡವ್ವ: ಅಂದ್ರು. ತವರು ಎದ್ದು ಮಗಳ ಮನಿಗೆ ಹೊಂಟೈತಿ ಅಂತ. ಹೊಂಟಿತ್ತು ಖರೇನ, ಎರಡ ಚೀಲದಾಗ, ಒಂದೊಂದು ಇಪ್ಪತ್ಮೂರ ಕೇಜಿ.

ನಾನು: ನಮ್ಮ ಅಣ್ಣಿಗೇರಿಯವರು ದೂರ ಹೋಗಿದ್ದು ಈಗಿನ ಮಾತಲ್ಲ ಬಿಡು. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿ ಜೋಯಿಸ ಸಿಂಘನ ಮೊಮ್ಮಗಳು. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡಿಗಲ್ಲಿನ ಮ್ಯಾಲ ಇದನ್ನ ಬರಸ್ಯಾನ. ಮಗ ಕಾವ್ಯ ಬರದಿದ್ದು ವೇಮುಲವಾಡದ ಅರಿಕೇಸರಿ ಆಸ್ಥಾನದಾಗ, 941ರ ಹೊತ್ತಿಗೆ. ಅಲ್ಲೆ ಕುಂತು ಬನವಾಸಿ ನೆನಸಿಕೊಂಡು ಬರದ.

ದೊಡ್ಡವ್ವ: ಅಂದ್ರ ತಾಯೀದು ಅಣ್ಣಿಗೇರಿ?

ನಾನು: ಹೌದು.

ದೊಡ್ಡವ್ವ: ಹಂಗಾರ ಅಂವ ಹುಟ್ಟಿದ್ದು ಇಲ್ಲೆ. ಚೊಚ್ಚಲ ಇದ್ದಿರಬೇಕು, ತವರಿಗೆ ಬಂದಿರತಾಳ. ಕಲ್ಲಿನ ಮ್ಯಾಲ ಬರಸಾಕ ಏನೈತಿ ಅದರಾಗ.

ನಾನು: ಪಂಡಿತರು ಇಷ್ಟು ಸಲೀಸಾಗಿ ಒಪ್ಪಾಂಗಿಲ್ಲ ದೊಡ್ಡವ್ವ.

ದೊಡ್ಡವ್ವ: ಪಂಡಿತರು ಬಾಣಂತನ ಮಾಡ್ಯಾರೇನ?

ನಾನು: ಸೋತೆ. ಗ್ರಹಣದ ಸುದ್ದಿ ಹೇಳು. ಅದನ್ನ ಅವ್ವ ಒಂದ ನಮೂನಿ ಹೇಳ್ತಾಳ, ತಂಗಿ ಒಂದ ನಮೂನಿ ಹೇಳ್ತಾಳ.

ದೊಡ್ಡವ್ವ: ಅಯ್ಯ ಆ ಗ್ರಹಣ! ನಾ ಹೋಗಿ ಹದಿನೈದ ದಿನಾ ಆಗಿರಲಿಲ್ಲ. ಏಪ್ರಿಲ್ ಎಂಟಕ್ಕ ಪೂರಾ ಸೂರ್ಯಗ್ರಹಣ, ಅದೂ ಬರೋಬರಿ ಅಕಿ ಮನಿ ಮ್ಯಾಲ. ಪ್ಲಾನೋ ಅಂತಾರ ಅವರ ಊರಿಗೆ, ಡಲ್ಲಾಸಿಗೆ ಹತ್ತಿದಂಗ ಐತಿ. ಮಗಳಿಗೆ ಎಂಟ ತುಂಬಿತ್ತು. ಅಲ್ಲೆ ಊರಿಗೆ ಊರ ಹಬ್ಬ ಮಾಡಾಕತ್ತಿತ್ತು. ಎಲ್ಲಾರೂ ಕಾಗದದ ಕರೀ ಚಾಳೀಸು ತಂದಿಟ್ಟಕೊಂಡಿದ್ರು. ಅಳಿಯನೂ ತಂದಿದ್ದ, ನಾಕು. ನಾಕನೇದ್ದು ಯಾರಿಗೆ ಅಂತ ಕೇಳಿದ್ನಿ. ನಕ್ಕ.

ನಾನು: ಡಲ್ಲಾಸಿನ್ಯಾಗ ಅದರ ಹಿಂದಿನ ಪೂರಾ ಗ್ರಹಣ 1878ರಾಗ ಆಗಿತ್ತಂತ. ಅವರಿಗೆ ಹಬ್ಬ ಇದ್ದಿದ್ದ ಸಹಜ.

ದೊಡ್ಡವ್ವ: ಅವರಿಗೆ ಹಬ್ಬ, ನನಗ ಹೊಟ್ಯಾಗ ತಳಮಳ. ಬಸರಿ ಹೆಂಗಸು ಗ್ರಹಣ ನೋಡಬಾರದು, ಕತ್ತರಿ ಹಿಡೀಬಾರದು, ಒಳಗ ಕುಂದ್ರಬೇಕು. ನಿಮ್ಮವ್ವಗ ಫೋನ್ ಹಚ್ಚಿ, ಅಯ್ಯನೋರ ಕಡೆ ಪಂಚಾಂಗ ಕೇಳಸು ಅಂದ್ನಿ. ಅವರು ಏನ ಹೇಳಿ ಕಳಸಿದ್ರು ಗೊತ್ತೇನ? ಭಾರತದಾಗ ಕಾಣಂಗಿಲ್ಲ, ಆಚರಣಿ ಇಲ್ಲ ಅಂತ! ನನಗ ಸಿಟ್ಟ ಬಂತು. ಕಾಣೂದು ನಮಗ, ಇಲ್ಲ ಅನ್ನೂದು ಅವರು. ಊರ ಪಂಚಾಂಗ ಹಿಡೀಬೇಕೋ, ತಲಿ ಮ್ಯಾಲಿನ ಸೂರ್ಯಾನ್ನ ಹಿಡೀಬೇಕೋ?

ನಾನು: ಏನ ಹಿಡದಿ?

ದೊಡ್ಡವ್ವ: ಸೂರ್ಯಾನ್ನ. ನೀ ಆಫೀಸಿಗೆ ರಜಾ ಹಾಕು ಅಂದ್ನಿ, ಹಾಕಿದ್ಲು. ಅಕಿ ಎಂಜಿನಿಯರ್ ಆಗಿರಬಹುದು, ಆದ್ರ ಏಳ ವರ್ಷದ ಮ್ಯಾಲ ಬಂದ ತಾಯಿ ಮುಂದ ಯಾವ ಮಗಳು ವಾದ ಹಾಕ್ತಾಳ? ಖೋಲ್ಯಾಗ ಮಲಗಿಸಿ, ಪಡದಿ ಎಳದು, ಹೊಟ್ಟಿ ಮ್ಯಾಲ ನನ್ನ ಸೀರಿ ಹೊಚ್ಚಿದ್ನಿ. ನಮ್ಮ ಗಡಿಯಾರದ ಲೆಕ್ಕಕ್ಕ ಅದು ರಾತ್ರಿ ಹನ್ನೆರಡು ಹೊಡದ ಹೊತ್ತು, ಅವರಿಗೆ ಮಧ್ಯಾಹ್ನ ಒಂದೂ ನಲವತ್ತು.

ನಾನು: ಹತ್ತೂವರಿ ತಾಸು ಫರಕು. ಅಂದ್ರ ಇಲ್ಲೆ ಒಂಬತ್ತನೇ ತಾರೀಖು ಸುರು ಆಗಿತ್ತು. ಯುಗಾದಿ!

ದೊಡ್ಡವ್ವ: ಅದನ್ನ ಹೇಳಾಕತ್ತೇನಿ. ಇಲ್ಲೆ ನೀವು ಮುಂಜಾನಿ ಬೇವು ಬೆಲ್ಲಕ್ಕ ಅಣಿ ಮಾಡಿ ಮಲಗೀರಿ, ಅಲ್ಲೆ ನನಗ ಅಮಾಸಿ ಇನ್ನೂ ಮುಗದಿಲ್ಲ, ಸೂರ್ಯ ಮುಳಗಾಕತ್ಯಾನ. ಬೆಳಕು ಮೊದ್ಲ ಹಳದಿ ಆತು, ಆಮ್ಯಾಲ ಹಿತ್ತಾಳಿ ಬಣ್ಣ ಆತು. ಎದರ ಮನಿ ನಾಯಿ ಸುಮ್ಮನಾತು. ಬೀದಿ ದೀಪ ತಾವ ಹತ್ತಿದ್ವು. ಹೊರಗ ಹುಡುಗ್ರು ಹೋ ಅಂತ ಒದರಿದ್ರು. ಮಗಳು ಕಣ್ಣ ಮುಚ್ಚಿದ್ಲು, ನಿದ್ದಿ ಹತ್ತೇತಿ ಅನಕೊಂಡ್ನಿ. ಎದ್ದು ಹಿತ್ತಲ ಬಾಗಲಾ ತಗದ್ನಿ.

ನಾನು: ನೀ?

ದೊಡ್ಡವ್ವ: ಯಾರ ಮುಂದೂ ಹೇಳಬ್ಯಾಡ. ನಾ ಏನ ಬಸರಿ ಅಲ್ಲಲ್ಲ, ಅರವತ್ಮೂರ ವರ್ಷದಾಕಿ. ಅಳಿಯ ಅಂಗಳದಾಗ ನಿಂತಿದ್ದ. ನನ್ನ ಕಂಡು ಏನೂ ಅನ್ನಲಿಲ್ಲ, ಕಿಸೆದಾಗಿಂದ ಒಂದ ಚಾಳೀಸು ತಗದು ಕೊಟ್ಟ. ಪೂರಾ ಮುಚ್ಚೇತಿ ಅತ್ತೀ, ಈಗ ಅದೂ ಬ್ಯಾಡ ಅಂದ. ಬರೀ ಕಣ್ಣಿಲೆ ನೋಡಿದ್ನಿ. ಏನ ಹೇಳ್ಲಿ... ಒಲಿ ಬಾಯಿಗೆ ಹಂಚು ಇಟ್ಟಾಗ ಸುತ್ತಲೂ ಬೆಂಕಿ ಕಾಣತೈತಲ್ಲ, ಹಂಗ. ನಡುವ ಕರೀ ಹಂಚು. ಅದರ ಬಾಜೂಕ ಹಗಲಾಗ ಚುಕ್ಕಿ. ಮೂರ ನಿಮಿಷದ ಮ್ಯಾಲ ಇತ್ತಂತ. ನನಗ ಒಂದ ಉಸರಿನಷ್ಟ ಅನಿಸಿತು.

ನಾನು: ಆ ಚುಕ್ಕಿ ಶುಕ್ರ ಇರಬೇಕು.

ದೊಡ್ಡವ್ವ: ಯಾವದರ ಇರ್ಲಿ. ಒಳಗ ಬಂದು ನೋಡತೇನಿ, ಮಗಳು ಕಣ್ಣ ತಗದ ಮಲಗ್ಯಾಳ. 'ಹೆಂಗಿತ್ತವ್ವಾ?' ಅಂತ ಕೇಳಿದ್ಲು. ನಾ ಏನ ಸುಳ್ಳ ಹೇಳ್ಲಿ? 'ಹಂಚಿನಂಗ ಇತ್ತು' ಅಂದ್ನಿ. ಇಬ್ರೂ ನಕ್ಕವಿ. ಹೋದಮ್ಯಾಲ ಅಕಿ ನನ್ನ ಕೂಡ ಬಾಯಿ ತುಂಬ ನಕ್ಕಿದ್ದು ಅವತ್ತ. ಅಲ್ಲೀ ತನಕ ಬೀಗರ ಮನ್ಯಾಗ ಇದ್ದಂಗ ಇದ್ವಿ. ಅಕಿ 'ಅವ್ವಾ ಚಾ ಬೇಕೇನ' ಅಂತ ಕೇಳಾಕಿ, ನಾ 'ಬ್ಯಾಡವ್ವಾ, ತ್ರಾಸ ತಗೋಬ್ಯಾಡ' ಅನ್ನಾಕಿ. ಮಗಳಿಗೆ ತ್ರಾಸ ತಗೋಬ್ಯಾಡ ಅನ್ನೂದು ಅಂದ್ರೇನು! ದಿನಾ ಫೋನಿನ್ಯಾಗ ಮಾರಿ ನೋಡತಿದ್ವಿ, ಎದರ ಬಂದು ನಿಂತ್ರ ಏನ ಮಾತಾಡೂದು ಅಂತ ತಿಳೀವಲ್ಲದಾಗಿತ್ತು.

ನಾನು: ಬಾಣಂತನ ಸರಳ ಆತಲ್ಲ?

ದೊಡ್ಡವ್ವ: ಆತು. ಕೆಲಸ ಬಂದಮ್ಯಾಲ ನಾ ಪಾವಣಿ ಉಳೀಲಿಲ್ಲ, ಆ ಅಡಗೀಮನಿ ನನ್ನ ಕೈಯಾಗ ಬಂತು. ಒಂದಿನ ಕೂಸಿಗೆ ಲೋಬಾನದ ಹೊಗಿ ಹಾಕಿದ್ನಿ. ಮ್ಯಾಲೆ ಬಿಳಿ ಬಟ್ಟಲದಂಗ ಒಂದ ಇರತೈತಿ, ಅದು ಒದರಾಕ ಸುರು ಮಾಡ್ತು. ಅಳಿಯ ಕುರ್ಚಿ ಹತ್ತಿ ಟಾವೆಲ್ ಬೀಸಿದ, ನಾ ಸೆರಗ ಬೀಸಿದ್ನಿ. ಆಮ್ಯಾಲ ಹೊಗಿ ಇಲ್ಲ. ದವಾಖಾನಿ ನರ್ಸು ಕೂಸನ್ನ ಅಂಗಾತ ಮಲಗಸರಿ, ದಿಂಬ ಬ್ಯಾಡ, ಬೋರಲ ಬ್ಯಾಡ ಅಂತ ಚೀಟಿ ಕೊಟ್ಟಿದ್ಲು. ಅದನ್ನ ಕೇಳಿದ್ನಿ. ಎಣ್ಣಿ ಹಚ್ಚಿ ಎರಿಯೂದು ನಾ ಬಿಡಲಿಲ್ಲ. ಅವರದು ಒಂದ, ನಮ್ಮದು ಒಂದ.

ನಾನು: ತೊಟ್ಟಲಾ ಒಯ್ಯಬೇಕು ಅಂತ ಹಟಾ ಹಿಡದಿದ್ದಿ.

ದೊಡ್ಡವ್ವ: ಕಲಘಟಗಿ ತೊಟ್ಟಲಾ. ನಿಮ್ಮವ್ವ ಅದರಾಗ, ನಾ ಅದರಾಗ, ನೀ ಅದರಾಗ. ಅರಗಿನ ಬಣ್ಣ ಇನ್ನೂ ಹೋಗಿಲ್ಲ ನೋಡು, ಕೃಷ್ಣನ ಮಾರಿ ಅಷ್ಟ ಅಳಿಸೇತಿ. ಎಲ್ಲಾ ಕೂಸುಗಳೂ ಅಲ್ಲೇ ಕೈ ಹಚ್ಚತಾವ. ಬಿಚ್ಚಿ ಕಟ್ಟಿದ್ರೂ ತೂಕ ಮೀರತಿತ್ತು. ಅಲ್ಲೆ ಒಯ್ದರೂ ಹಾಕೂದೆಲ್ಲಿ? ಆ ಮನ್ಯಾಗ ಒಂದ ತೊಲಿ ಇಲ್ಲ, ಜಂತಿ ಇಲ್ಲ. ಗೋಡಿ ಬಡದ್ರ ಡಬ್ಬಿಯಂಗ ಸಪ್ಪಳ. ಕಡೀಕ ನವಲಗುಂದದ ಜಮಖಾನಿ ಸುತ್ತಿ ಒಯ್ದಿದ್ನೆಲ್ಲ, ಅದನ್ನ ಹಾಸಿ, ಅದರ ಮ್ಯಾಲ ಕೂಸಿನ್ನ ಮಲಗಿಸಿ ಹೆಸರಿಟ್ವಿ. ಅಲ್ಲಿ ಕನ್ನಡದ ಹೆಣಮಕ್ಕಳು ಬಂದಿದ್ರು, ಮೈಸೂರ ಕಡೆಯಾವ್ರು. ಜಮಖಾನಿ ಮ್ಯಾಲಿನ ನವಿಲ ನೋಡಿ, ಎಲ್ಲಿ ತಗೊಂಡ್ರಿ, ಆನ್‌ಲೈನ್ ಸಿಗತೈತೇನ್ರಿ ಅಂತ ಕೇಳಿದ್ರು.

ನಾನು: ಏನಂದ್ಯೋ!

ದೊಡ್ಡವ್ವ: ಹೆಣಮಕ್ಕಳು ಮಗ್ಗದ ಮುಂದ ಕುಂತು ಕೈಲೆ ನೇಯತಾರ, ನವಲಗುಂದಕ್ಕ ಹೋದ್ರ ಸಿಗತೈತಿ ಅಂದ್ನಿ. ಖರೇನಲ್ಲ?

ನಾನು: ಖರೇ. 2011ರಾಗ ಅದಕ್ಕ ಜಿಐ ಗುರುತು ಸಿಕ್ಕೇತಿ. ನೇಯಾವ್ರು ಮಾತ್ರ ವರ್ಷಾ ವರ್ಷಾ ಕಡಿಮಿ ಆಗಾಕತ್ತಾರ. ಅದಿರ್ಲಿ, ಮಣ್ಣಿನ ಸುದ್ದಿ ಹೇಳು. ನೀ ಫೋನಿನ್ಯಾಗ ಅಂದಿದ್ದಿ, 'ತಮ್ಮಾ, ಇವರು ಮನೀಗೆ ನೀರ ಹಾಕ್ತಾರೋ' ಅಂತ. ನಾ ನಂಬಿದ್ದಿಲ್ಲ.

ದೊಡ್ಡವ್ವ: ಜುಲೈ ತಿಂಗಳು. ನಮ್ಮಲ್ಲೆ ಹೆಸರಕಾಯಿ ಹಿಡಿಯೂ ಹೊತ್ತು. ಅಲ್ಲೆ ಮಳಿ ಹನಿ ಇಲ್ಲ, ಬಿಸಲಂದ್ರ ನವಲಗುಂದದ ಏಪ್ರಿಲ್ ಬಿಸಲು. ಒಂದ ಸಂಜಿ ಮಗಳು ಪೈಪ್ ಹಿಡಕೊಂಡು ಗೋಡಿ ಬುಡಕ್ಕ ನೀರ ಬಿಡಾಕತ್ತಾಳ. ಗಿಡಾ ಇಲ್ಲ, ಬಳ್ಳಿ ಇಲ್ಲ, ಬರೇ ಗೋಡಿ. 'ಏನವ್ವಾ ನಿನಗ ಬುದ್ಧಿ ಐತೋ ಇಲ್ಲೋ, ಗೋಡಿ ಬುಡಕ ನೀರ ನಿಂತ್ರ ಮನಿ ಕುಸೀತೈತಿ' ಅಂತ ಒದರಿದ್ನಿ. ನಮ್ಮ ಮಣ್ಣಿನ ಗೋಡಿಗೆ ಮಳಿ ನೀರ ಬಡೀಬಾರದು ಅಂತ ಎಷ್ಟ ಹೆಣಗತೇವಿ ಹೇಳು. ಅಕಿ ಅಂತಾಳ, 'ಇಲ್ಲೆ ನೀರ ಹಾಕದಿದ್ರ ಕುಸೀತೈತವ್ವಾ.' ಬ್ಯಾಸಗ್ಯಾಗ ಮಣ್ಣ ಒಣಗಿ ಸರದು ನಿಲ್ಲತೈತಂತ, ಪಾಯಾ ಒಂದ ಕಡೆ ಜಗ್ಗತೈತಂತ, ಗೋಡಿ ಸೀಳತೈತಂತ. ಆ ಓಣ್ಯಾಗ ಬಹಳ ಮಂದಿ ಮನಿ ಸುತ್ತ ತೂತಿನ ಪೈಪು ಹಾಕ್ಯಾರ. ದನಕ್ಕ ನೀರ ಕುಡಸಿದಂಗ ಮನೀಗೆ ಕುಡಸೂದು!

ನಾನು: ಆಗ ಕೆಳಗ ನೋಡಿದಿ.

ದೊಡ್ಡವ್ವ: ಅಲ್ಲೀ ತನಕ ಹುಲ್ಲಿನ ಮ್ಯಾಲ ಅಡ್ಡಾಡಿದ್ನೆ ಹೊರತು ಮಣ್ಣ ನೋಡಿದ್ದಿಲ್ಲ. ಅದನ್ನ ಹುಲ್ಲ ಹಚ್ಚಿ ಮುಚ್ಚಿ ಇಟ್ಟಾರ. ಗೋಡಿ ಬಾಜೂಕ ನನ್ನ ಕೈ ಹೋಗೂವಷ್ಟು ಸೀಳು ಬಿಟ್ಟಿತ್ತು. ಕುಂತು ಒಂದ ಹೆಂಟಿ ಎತ್ತಿದ್ನಿ. ಕರೇದು. ಮುರದ್ನಿ, ಅಂಚು ಹರಿತ. ಉಗಳ ಹಚ್ಚಿ ತಿಕ್ಕಿದ್ನಿ, ಬೆಣ್ಣಿಯಂಗ ಬೆರಳಿಗೆ ಹತ್ತಿತು. ಎರಿ, ತಮ್ಮಾ! ಎರಿ! ಏಳ ಸಮುದ್ರ ದಾಟಿ ಹೋಗಿ ನನ್ನ ಮಗಳು ಎರಿ ಹೊಲದಾಗ ಮನಿ ತಗೊಂಡಾಳ.

ನಾನು: ಅಲ್ಲಿಯವರು ಆ ಸೀಮಿಗೆ ಬ್ಲಾಕ್‌ಲ್ಯಾಂಡ್ ಅಂತಾರ, ಕರೀ ನೆಲ. ಡಲ್ಲಾಸು, ಆಸ್ಟಿನ್ನು ಎಲ್ಲಾ ಆ ಪಟ್ಟಿ ಮ್ಯಾಲ ಕುಂತಾವ. ಒಂದ ಮಣ್ಣಿಗೆ 'ಹ್ಯೂಸ್ಟನ್ ಬ್ಲಾಕ್' ಅಂತ ಹೆಸರೂ ಐತಿ. ನಮ್ಮ ಪುಸ್ತಕದಾಗ ಅದೂ, ಇದೂ ಎರಡೂ ಒಂದ ಜಾತಿ, ವರ್ಟಿಸಾಲ್. ಮಗಚೂದು ಅನ್ನೂ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದಿದ್ದು. ಬ್ಯಾಸಗ್ಯಾಗ ಸೀಳಿನೊಳಗ ಮ್ಯಾಲಿನ ಮಣ್ಣು ಬೀಳತೈತಿ, ಮಳ್ಯಾಗ ಒಳಗಿಂದು ಉಬ್ಬಿ ಮ್ಯಾಲ ಬರತೈತಿ. ತನ್ನನ್ನ ತಾನ ರಂಟಿ ಹೊಡಕೊಳ್ಳೂ ಮಣ್ಣು.

ದೊಡ್ಡವ್ವ: ಕೃಷಿ ಇಲಾಖಿಯಾವ್ರಿಗೆ ಎಲ್ಲಾದಕ್ಕೂ ಒಂದ ಹೆಸರು ಬೇಕು. ನನಗ ಬೆರಳಿಗೆ ಗೊತ್ತಾತು. ಆ ಚೆನ್ನೈನಾಗ ಮೂಡಲಾರದ ಬೆರಳಿಗೆ.

ನಾನು: ಮಗಳು ಏನಂದ್ಲು?

ದೊಡ್ಡವ್ವ: ಪೈಪ್ ಹಿಡಕೊಂಡು ನಿಂತಿದ್ಲು. 'ಅಪ್ಪಗ ಹಾಕಿದ್ದು ಯಾವ ಮಣ್ಣು?' ಅಂತ ಕೇಳಿದ್ಲು. 'ನಮ್ಮ ಹೊಲದ್ದವ್ವಾ, ಬೇವಿನ ಗಿಡದ ಕೆಳಗಿಂದು.' 'ಇಂಥಾದ್ದ?' 'ಇಂಥಾದ್ದ.' ಮತ್ತ ಏನೂ ಕೇಳಲಿಲ್ಲ. ಆ ಹೆಂಟಿ ನನ್ನ ಕೈಯಾಗಿಂದ ಇಸಗೊಂಡು, ಮುರದು ಪುಡಿ ಮಾಡಿ, ಆ ಸೀಳಿನ್ಯಾಗ ಸ್ವಲ್ಪ ಸ್ವಲ್ಪ ಬಿಟ್ಲು. ನೀರು ಅಷ್ಟೊತ್ತನಕ ಒಂದ ಕಡೇನ ಬಿದ್ದು ಕೆಸರಾಗಿತ್ತು. ಒಳಗ ಕೂಸ ಅತ್ತಿತು, ನಾ ಹೋದ್ನಿ.

(ಬಿಸಿಲು ಕಟ್ಟೆ ಏರಿತ್ತು. ಘಾಟಿಗೆ ನನಗೆ ನಾಲ್ಕು ಸೀನು ಬಂದವು. ಅಷ್ಟರಲ್ಲಿ ಅವಳು ಒಂದು ಬುಟ್ಟಿ ಮುಗಿಸಿ ಇನ್ನೊಂದನ್ನು ಎಳೆದುಕೊಂಡಿದ್ದಳು.)

ನಾನು: ಅಲ್ಲೆ ಹತ್ತಿನೂ ನೋಡೀದಿಯಂತ.

ದೊಡ್ಡವ್ವ: ಎರಿ ಇದ್ದಲ್ಲೆ ಹತ್ತಿ ಇರಬೇಕು ಅಂತ ಅಳಿಯನ ತಲಿ ತಿಂದ್ನಿ. ಸೆಪ್ಟೆಂಬರ್ ಮೊದಲ ವಾರ ಕಾರಿನ್ಯಾಗ ದಕ್ಷಿಣಕ್ಕ ಒಂದ ತಾಸು ಕರಕೊಂಡು ಹೋದ. ಕಣ್ಣ ಹೋಗೂ ತನಕ ಬೆಳ್ಳಗ ಒಡದು ನಿಂತಿತ್ತು. ಒಂದ ಆಳಿಲ್ಲ. ಮನಿಯಷ್ಟ ದೊಡ್ಡ ಮಿಷನ್ ಅಂಚಿಗೆ ನಿಂತಿತ್ತು. ಬಿಡಸೂ ಹೆಣಮಕ್ಕಳು ಎಲ್ಲೆ ಅಂತ ಕೇಳಿದ್ನಿ, ಅಂವಗ ಪಾಪ ಏನ ಗೊತ್ತು, ಮಂಡ್ಯದಾಂವ.

ನಾನು: ಅಲ್ಲೆ ಮೊದ್ಲ ಬಿಡಸತಿದ್ದವ್ರು ಗುಲಾಮರು ದೊಡ್ಡವ್ವ. ಅದಕ್ಕ ಅವರೊಳಗ ಯುದ್ಧ ಆತು, 1861ರಿಂದ 65. ಅವರ ಹತ್ತಿ ಇಂಗ್ಲಂಡಿಗೆ ಹೋಗೂದು ನಿಂತು, ನಮ್ಮ ಧಾರವಾಡ ಸೀಮಿ ಹತ್ತಿಗೆ ಬಂಗಾರದ ಬೆಲಿ ಬಂತು. ಅದಕ್ಕೂ ಮೊದ್ಲ, 1840ರ ದಶಕದಾಗ, ಕಂಪನಿ ಸರಕಾರ ಅಮೇರಿಕಾದಿಂದ ಹತ್ತಿ ಬೆಳಿಯಾವ್ರನ್ನ ಕರಸಿ ಹುಬ್ಬಳ್ಳಿ ಕಡೆ ಪ್ರಯೋಗ ಮಾಡಸಿತ್ತು. ಬೀಜ ನ್ಯೂ ಆರ್ಲಿಯನ್ಸಿಂದು. ಬ್ಯಾರೆ ಕಡೆ ಬಹಳ ಮಟ್ಟಿಗೆ ಸೋತಿದ್ದು ನಮ್ಮ ಎರಿಯಾಗ ಹಿಡೀತು. ಪ್ಯಾಟ್ಯಾಗ ಅದರ ಹೆಸರ 'ಧಾರವಾಡ-ಅಮೇರಿಕನ್' ಅಂತ ಬಿತ್ತು.

ದೊಡ್ಡವ್ವ: ಧಾರವಾಡ ಅಮೇರಿಕನ್ನ? ನನ್ನ ಮೊಮ್ಮಗಳಿಗೆ ಇಡೂ ಹೆಸರು ಅದು!

ನಾನು: ಅಕಿ ಖರೇನ ಅಮೇರಿಕಾದಾಕಿ. ಅಲ್ಲೆ ಹುಟ್ಟಿದ್ರ ಆತು, ಪಾಸ್‌ಪೋರ್ಟ್ ಅವರದ. ಈಗ ಹೊಸಾ ಅಧ್ಯಕ್ಷ ಬಂದು ಜನವರಿ 20ಕ್ಕ ಅದನ್ನ ಬದಲ ಮಾಡ್ತೇನಿ ಅಂತ ಆದೇಶ ಹೊರಡಸ್ಯಾನ, ಕೋರ್ಟು ತಡದೈತಿ. ನಿನ್ನ ಮೊಮ್ಮಗಳಿಗೆ ಅದು ತಾಗಾಂಗಿಲ್ಲ, ಮುಂದ ಹುಟ್ಟೂ ಕೂಸುಗಳ ಮಾತು ಅದು.

ದೊಡ್ಡವ್ವ: ಮಗಳಿಗೆ ಸಾಲು, ಮೊಮ್ಮಗಳಿಗೆ ಪಾಸ್‌ಪೋರ್ಟು, ನನಗ ಆರ ತಿಂಗಳು. ಒಂದ ಮನ್ಯಾಗ ಮೂರ ಕಾಯ್ದೆ.

ನಾನು: ಒಂದ ಹಿಡಿ ಮಣ್ಣ ತರಬೇಕಿತ್ತು. ಬೇವಿನ ಗಿಡದ ಬುಡಕ ಹಾಕಬಹುದಿತ್ತು.

ದೊಡ್ಡವ್ವ: ಕೇಳಿದ್ನಿ. ಮಣ್ಣ ತರಂಗಿಲ್ಲಂತ, ಆ ದೇಶದ್ದೂ ಇಲ್ಲ, ಈ ದೇಶದ್ದೂ ಇಲ್ಲ.

ನಾನು: ಹೌದು, ರೋಗ ಬರತಾವಂತ ಪರವಾನಗಿ ಇಲ್ದ ಬಿಡಾಂಗಿಲ್ಲ. ಹೋಗ್ಲಿ, ಬರೂ ಮುಂದ ಹೆಂಗಾತು?

ದೊಡ್ಡವ್ವ: ಅದನ್ನ ಹೇಳಾಂಗಿಲ್ಲ.

ನಾನು: ಸರಿ.

ದೊಡ್ಡವ್ವ: ಬರೂದಕಿಂತ ಮೊದ್ಲ ಒಂದ ಕೆಲಸ ಮಾಡಿದ್ನಿ, ಅದನ್ನ ಹೇಳ್ತೇನಿ. ಕೂಸಿನ ಖೋಲಿ ಬಾಗಲದ ಮ್ಯಾಲ ಮೂಲಿಯಾಗ ಒಂದ ಬಿರಕು ಬಿಟ್ಟಿತ್ತು, ಗೇಣಷ್ಟ. ಪಾಯಾ ರಿಪೇರಿ ಮಾಡಾವ ಒಬ್ಬ ಬಂದು ನೋಡಿ ಎಷ್ಟೋ ಸಾವಿರ ಡಾಲರ್ ಹೇಳಿ ಹೋದ. ಅಳಿಯನ ಮಾರಿ ಬಾಡಿತು. ನಾ ಅಂದ್ನಿ, ತಡೀರಿ, ಇದು ಎರಿ, ಮಳಿ ಬರ್ಲಿ. ಪೆನ್ಸಿಲ್ ಇಸಗೊಂಡು, ಸ್ಟೂಲ್ ಹತ್ತಿ, ಬಿರಕಿನ ಎರಡೂ ತುದಿಗೆ ಗೀಟ ಹಾಕಿ ತಾರೀಖ ಬರದ್ನಿ. ಇದರಾಚೆ ಹೋದ್ರ ಅಂವನ್ನ ಕರೀರಿ ಅಂದ್ನಿ. ಆರ ತಿಂಗಳಾಗ ನನ್ನ ಕೈಲೆ ಕನ್ನಡ ಬರದಿದ್ದು ಅದೊಂದ ಗೋಡಿ ಮ್ಯಾಲ.

ನಾನು: ಈಗ ಅವ್ವಗ ಏನ ಹೇಳ್ಲಿ? ಹೋಗು ಅಂತ ನೀ ಅಂದಿ ಅನ್ಲೇನ?

ದೊಡ್ಡವ್ವ: ನಾ ಹೋಗು ಅನ್ನಾಂಗಿಲ್ಲ, ಬ್ಯಾಡ ಅನ್ನಾಂಗಿಲ್ಲ. ಅಣ್ಣನ ಊರಾಗ ಮಣ್ಣ ಎಂಥಾದ್ದು?

ನಾನು: ನ್ಯೂಜೆರ್ಸೀದು? ಗೊತ್ತಿಲ್ಲ ದೊಡ್ಡವ್ವ.

ದೊಡ್ಡವ್ವ: ಎರಿನೋ ಮಸಾರಿನೋ ಅಷ್ಟರ ಕೇಳು. ಹಂತಾದ್ದನ್ನ ಹೇಳಿದ್ರ ನಿಮ್ಮವ್ವ ಬೆರಳ ಒತ್ತಾಕ ತಯಾರ ಆಕ್ಕಾಳ. ಇಮಾನ, ಕಾರು, ಮಾಲು ಅಂತ ಹೇಳಿದ್ರ ಅಕಿ ಯಾಕ ಹೋಗ್ತಾಳ?

(ಫೋನು ಬಡಿದುಕೊಂಡಿತು. ಇಲ್ಲಿ ಮುಂಜಾನೆ ಏಳೂವರೆ, ಚಳಿಗಾಲದ ಲೆಕ್ಕದಲ್ಲಿ ಅಲ್ಲಿ ನಿನ್ನೆ ರಾತ್ರಿ ಎಂಟು. ಕೈಗೆಲ್ಲ ಖಾರ, ನಾನೇ ಒತ್ತಿ ಹಿಡಿದೆ. ತಂಗಿಯ ಮುಖ, ಅದರ ಮುಂದೆ ಮಗುವಿನ ಅಂಗೈ, ಪರದೆ ತುಂಬ.)

ದೊಡ್ಡವ್ವ: ಉಂಡೀಯೇನವ್ವಾ? ಕೂಸು ಮಲಗಿಲ್ಲೇನ ಇನ್ನೂ? ಇರ್ಲಿ, ಇರ್ಲಿ, ಅಕಿ ಕೈ ಆ ಕಡೆ ತಗಿ. ಫೋನ್ ಎತ್ತಿ ಹಿಡಿ. ನಿನ್ನ ಮಾರಿ ಅಲ್ಲ, ಬಾಗಲಾ, ಬಾಗಲದ ಮ್ಯಾಲ. ಇನ್ನೂ ಹತ್ರ. ತಮ್ಮಾ, ನನ್ನ ಚಾಳೀಸು ಹಾಕು ಕಣ್ಣಿಗೆ. ಆ ಗೀಟ ಕಾಣತೈತೇನ ನಿನಗ?

ನಾನು: ಗೀಟ ಕಾಣತಾವ ದೊಡ್ಡವ್ವ. ಎರಡೂ.

ದೊಡ್ಡವ್ವ: ನಡುವ?

ನಾನು: ನಡುವ ಏನೂ ಕಾಣವಲ್ದು.